ಸಂವಿಧಾನ, ಕೋರ್ಟು, ಖಜಾನೆ: ಸಂಪ್ರದಾಯವಾದಿ ಕಾನೂನು ನೋಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಓದುಗರ ಪತ್ರಗಳಲ್ಲಿ, ಸಭೆಗಳಲ್ಲಿ, ಮಾತುಕತೆಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಸುಲಭದ ಪ್ರಶ್ನೆಗಳು ಮೊದಲು, ತಕರಾರಿನವು ಆಮೇಲೆ.

## ಮೊದಲ ಮೆಟ್ಟಿಲು

ಸಂಪ್ರದಾಯವಾದಿ ಅಂದ್ರೆ ಮಡಿ, ಮೈಲಿಗೆ, ಹಳೇ ಕಟ್ಟುಪಾಡು ಬೇಕು ಅನ್ನೋರಾ?

ಅಲ್ಲ. ಕಾನೂನಿನ ವಿಷಯದಲ್ಲಿ ಈ ಪದಕ್ಕೆ ಬೇರೆಯೇ ಅರ್ಥವಿದೆ. ಸಂವಿಧಾನದಲ್ಲಿ ಏನು ಬರೆದಿದೆಯೋ ಅದನ್ನು ಬರೆದ ಹಾಗೆ ಓದಬೇಕು. ಬದಲಾಯಿಸಬೇಕಿದ್ದರೆ ಅದರಲ್ಲೇ ಹೇಳಿದ ದಾರಿಯಲ್ಲಿ, ಅಂದರೆ 368ನೇ ವಿಧಿಯ ತಿದ್ದುಪಡಿಯಿಂದ ಬದಲಾಯಿಸಬೇಕು. ಒಬ್ಬರ ಕೈಯಲ್ಲೇ ಎಲ್ಲ ಅಧಿಕಾರ ಸೇರಬಾರದು. ಪ್ರಜೆಯ ದುಡ್ಡು, ಜಮೀನು ತೆಗೆದುಕೊಳ್ಳುವಾಗ ಸರ್ಕಾರ ಕಾರಣ ಕೊಡಬೇಕು, ಬೆಲೆಯನ್ನೂ ಕೊಡಬೇಕು.

ಯಾವುದೇ ಆದೇಶ ಬಂದಾಗ ನಾವು ಮೊದಲು ಕೇಳುವುದು 'ಇದು ಒಳ್ಳೆಯದಾ?' ಅಂತಲ್ಲ, 'ಇದನ್ನು ತೀರ್ಮಾನಿಸುವ ಅಧಿಕಾರ ಇವರಿಗೆ ಯಾರು ಕೊಟ್ಟರು?' ಅಂತ. ಕೆಳಗಿನ ಉತ್ತರಗಳೆಲ್ಲ ಈ ಪ್ರಶ್ನೆಯಿಂದಲೇ ಹೊರಡುತ್ತವೆ.

ಸುತ್ತಿ ಬಳಸಿ ಒಂದು ಪಕ್ಷದ ಪರ ವಾದ ತಾನೇ ಇದು?

ದಾಖಲೆ ನೋಡಿ. ತಿದ್ದುಪಡಿಗಳನ್ನು ಕೋರ್ಟಿನಲ್ಲಿ ಪ್ರಶ್ನಿಸಬಾರದು ಎಂದ 1976ರ 42ನೇ ತಿದ್ದುಪಡಿ, 2012ರಲ್ಲಿ ಹಿಂದಿನ ದಿನಾಂಕದಿಂದ ಹೇರಿದ ತೆರಿಗೆ ಕಾಂಗ್ರೆಸ್ ಸರ್ಕಾರಗಳ ಕೆಲಸ. 2016ರಲ್ಲಿ ಆಧಾರ್ ಮಸೂದೆಯನ್ನು ಮನಿ ಬಿಲ್ (ರಾಜ್ಯಸಭೆ ತಡೆಯಲಾಗದ ಹಣಕಾಸು ಮಸೂದೆ) ಎಂದು ಕರೆದು ರಾಜ್ಯಸಭೆಯ ಕೈ ಕಟ್ಟಿದ್ದು, ದೇಣಿಗೆ ಕೊಟ್ಟವರ ಹೆಸರನ್ನು ಮತದಾರರಿಂದ ಮುಚ್ಚಿಟ್ಟ ಚುನಾವಣಾ ಬಾಂಡ್ ಬಿಜೆಪಿ ಸರ್ಕಾರದ ಕೆಲಸ. ನಾಲ್ಕೂ ತಪ್ಪು ಎಂಬುದೇ ನಮ್ಮ ನಿಲುವು.

ಪೇಪರ್‌ನಲ್ಲಿ 'ಸುಪ್ರೀಂ ಕೋರ್ಟ್ ಹೇಳಿದೆ' ಅಂತ ಬಂದ್ರೆ ಅದೇ ಕಾನೂನು ಆಯ್ತಲ್ಲ?

ಅಷ್ಟು ಬೇಗ ಆಗುವುದಿಲ್ಲ. 141ನೇ ವಿಧಿಯ ಪ್ರಕಾರ ದೇಶದ ಎಲ್ಲ ಕೋರ್ಟುಗಳನ್ನೂ ಕಟ್ಟಿಹಾಕುವುದು ಸುಪ್ರೀಂ ಕೋರ್ಟ್ 'ಘೋಷಿಸಿದ ಕಾನೂನು' ಮಾತ್ರ. ವಿಚಾರಣೆ ನಡೆಯುವಾಗ ನ್ಯಾಯಮೂರ್ತಿಗಳು ಕೇಳುವ ಪ್ರಶ್ನೆ, ಆಡುವ ಮಾತು ಕಾನೂನಲ್ಲ. ಮರುದಿನದ ತಲೆಬರಹಕ್ಕೆ ಸಿಗುವುದು ಹೆಚ್ಚಾಗಿ ಇಂಥ ಮಾತುಗಳೇ.

ತೀರ್ಪು ಕೈಗೆ ಬಂದರೆ ಮೊದಲು ಪೀಠದಲ್ಲಿ ಎಷ್ಟು ಮಂದಿ ಎಂದು ಎಣಿಸಿ. ಇಬ್ಬರ ಪೀಠ ಐವರ ಪೀಠದ ಮಾತನ್ನು ಮೀರುವಂತಿಲ್ಲ. ಸಂವಿಧಾನದ ಅರ್ಥ ಹೇಳಬೇಕಾದ ಮಹತ್ವದ ಪ್ರಶ್ನೆಗೆ ಕನಿಷ್ಠ ಐವರು ಕೂರಬೇಕು ಎನ್ನುತ್ತದೆ 145(3)ನೇ ವಿಧಿ. ಒಂದಕ್ಕಿಂತ ಹೆಚ್ಚು ತೀರ್ಪುಗಳಿದ್ದರೆ ಯಾವುದರ ಕೆಳಗೆ ಹೆಚ್ಚು ಸಹಿಗಳಿವೆ ಎಂದು ನೋಡಿ. ಆಮೇಲೆ, ಕೇಸು ತೀರ್ಮಾನವಾಗಲು ಬೇಕೇಬೇಕಾಗಿದ್ದ ಕಾರಣವನ್ನು ಹುಡುಕಿ. ಅದನ್ನು ತೆಗೆದರೆ ಫಲಿತಾಂಶ ಬಿದ್ದುಹೋಗುತ್ತದೆ ಎಂದಾದರೆ ಅದೇ ತಿರುಳು. ಮಿಕ್ಕಿದ್ದು ದಾರಿಯಲ್ಲಿ ಬಂದ ಮಾತು. ಕಾನೂನು ವರದಿಗಳಲ್ಲಿ ಮೇಲೆ ಅಚ್ಚಾಗುವ ಸಾರಾಂಶವನ್ನು ಬರೆಯುವವರು ಸಂಪಾದಕರು. ಅದು ತೀರ್ಪಿನ ಭಾಗವಲ್ಲ.

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು 'ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ ಕೋರ್ಟ್' ಎಂಬ ಸುದ್ದಿಯಲ್ಲಿ. ವಿಶೇಷ ಅನುಮತಿ ಅರ್ಜಿಯನ್ನು ಕಾರಣ ಕೊಡದೆ ಒಂದು ಸಾಲಿನಲ್ಲಿ ವಜಾ ಮಾಡಿದ್ದರೆ ಕೋರ್ಟು ಯಾವುದನ್ನೂ ಎತ್ತಿಹಿಡಿದಿಲ್ಲ, ಮೇಲ್ಮನವಿ ಕೇಳಲು ಒಪ್ಪಿಲ್ಲ ಅಷ್ಟೆ. ಇದನ್ನು 2000ದ ಕುನ್ಹಯಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಬಿಡಿಸಿ ಹೇಳಿದೆ.

ಕಾಯ್ದೆ, ನಿಯಮ, ಅಧಿಸೂಚನೆ, ಸುತ್ತೋಲೆ: ಕಚೇರಿಯಲ್ಲಿ ಯಾವುದನ್ನು ತೋರಿಸಿದರೆ ಒಪ್ಪಬೇಕು?

ಕಾಯ್ದೆಯನ್ನು ಮಾಡುವುದು ಶಾಸನಸಭೆ. ನಿಯಮ ಮಾಡುವುದು ಸರ್ಕಾರ, ಅದೂ ಕಾಯ್ದೆಯ ಒಂದು ಸೆಕ್ಷನ್ ಅಧಿಕಾರ ಕೊಟ್ಟಿದ್ದರೆ ಮಾತ್ರ. ಸುತ್ತೋಲೆ ಎಂಬುದು ಇಲಾಖೆ ತನ್ನ ಸಿಬ್ಬಂದಿಗೆ ಬರೆದ ಸೂಚನೆ. ಕಾಯ್ದೆ ಕೊಟ್ಟ ಹಕ್ಕನ್ನು ಸುತ್ತೋಲೆ ಕಿತ್ತುಕೊಳ್ಳುವಂತಿಲ್ಲ.

ಕೌಂಟರಿನಲ್ಲಿ ಸುತ್ತೋಲೆ ತೋರಿಸಿ 'ಆಗಲ್ಲ' ಎಂದರೆ ಅದರ ಸಂಖ್ಯೆ, ದಿನಾಂಕ ಬರೆದುಕೊಳ್ಳಿ. ಯಾವ ಕಾಯ್ದೆಯ ಯಾವ ಸೆಕ್ಷನ್ ಅಡಿಯಲ್ಲಿ ನಿರಾಕರಿಸುತ್ತಿದ್ದೀರಿ ಎಂದು ಲಿಖಿತವಾಗಿ ಕೇಳಿ. ಉತ್ತರದಲ್ಲಿ ಸೆಕ್ಷನ್ ಇಲ್ಲದಿದ್ದರೆ, 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕುವಾಗ ಆ ಒಂದು ಹಾಳೆ ನಿಮ್ಮ ಬಲವಾದ ದಾಖಲೆಯಾಗುತ್ತದೆ. ಬಾಯಿಮಾತಿನ 'ಆಗಲ್ಲ' ಹಿಡಿದುಕೊಂಡು ಕೋರ್ಟಿಗೆ ಹೋದವರಿಗೆ ಹೆಚ್ಚಾಗಿ ಸಿಗುವುದು 'ಮೊದಲು ಮನವಿ ಕೊಡಿ' ಎಂಬ ಆದೇಶ ಮಾತ್ರ.

## ಸರ್ಕಾರ

ಸುಗ್ರೀವಾಜ್ಞೆಯನ್ನು ಎಷ್ಟು ಸಲ ಬೇಕಾದ್ರೂ ಹೊರಡಿಸಬಹುದಾ?

ಇಲ್ಲ. ಕೇಂದ್ರಕ್ಕೆ 123ನೇ ವಿಧಿ, ರಾಜ್ಯಕ್ಕೆ 213ನೇ ವಿಧಿ. ಅಧಿವೇಶನ ಇಲ್ಲದಾಗ, ತಕ್ಷಣ ಕ್ರಮ ಬೇಕಾದಾಗ ಮಾತ್ರ ಈ ಅಧಿಕಾರ. ಸದನ ಮತ್ತೆ ಸೇರಿದ 6 ವಾರಕ್ಕೆ ಸುಗ್ರೀವಾಜ್ಞೆ ತಾನಾಗಿ ಸಾಯುತ್ತದೆ. ಎರಡು ಅಧಿವೇಶನಗಳ ನಡುವೆ 6 ತಿಂಗಳಿಗಿಂತ ಹೆಚ್ಚು ಅಂತರ ಇರಬಾರದಾದ್ದರಿಂದ ಅದರ ಗರಿಷ್ಠ ಆಯಸ್ಸು ಸುಮಾರು ಏಳೂವರೆ ತಿಂಗಳು.

ಬಿಹಾರ ಇದನ್ನು ಹೇಗೆ ಹಾಳುಮಾಡಿತು ನೋಡಿ. 1967ರಿಂದ 1981ರವರೆಗೆ ಅಲ್ಲಿ 256 ಸುಗ್ರೀವಾಜ್ಞೆಗಳು ಹೊರಟವು. ಅವಧಿ ಮುಗಿದ ಹಾಗೆಲ್ಲ ಮತ್ತೆ ಹೊರಡಿಸಿ, ಕೆಲವನ್ನು 14 ವರ್ಷದವರೆಗೆ ಜೀವಂತ ಇಟ್ಟಿದ್ದರು. 1986ರ ಡಿಸೆಂಬರ್‌ನಲ್ಲಿ ವಾಧ್ವಾ ಪ್ರಕರಣದಲ್ಲಿ ಐವರ ಪೀಠ ಇದನ್ನು ಸಂವಿಧಾನಕ್ಕೆ ಮಾಡಿದ ವಂಚನೆ ಎಂದಿತು. 2017ರಲ್ಲಿ ಕೃಷ್ಣ ಕುಮಾರ್ ಸಿಂಗ್ ಪ್ರಕರಣದ ಏಳು ಮಂದಿಯ ಪೀಠ, ಸುಗ್ರೀವಾಜ್ಞೆಯನ್ನು ಸದನದ ಮುಂದೆ ಇಡುವುದು ಕಡ್ಡಾಯ ಎಂದೂ ಸೇರಿಸಿತು.

1969ರ ಬ್ಯಾಂಕ್ ರಾಷ್ಟ್ರೀಕರಣವೂ ಇದೇ ದಾರಿಯಲ್ಲಿ ಬಂದದ್ದು. ಕರಾವಳಿಯಲ್ಲಿ ಹುಟ್ಟಿ ಬೆಳೆದ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಸೇರಿ 14 ಬ್ಯಾಂಕುಗಳನ್ನು ಜುಲೈ 19ರಂದು ಸುಗ್ರೀವಾಜ್ಞೆಯಿಂದ ತೆಗೆದುಕೊಂಡರು. ಸಂಸತ್ತು ಸೇರುವುದಿದ್ದದ್ದು ಜುಲೈ 21ಕ್ಕೆ. ಎರಡು ದಿನ ಕಾದಿದ್ದರೆ ಚರ್ಚೆಯಾಗುತ್ತಿತ್ತು.

ರಾಜ್ಯಪಾಲರು ಮಸೂದೆ ಇಟ್ಕೊಂಡು ಕೂತ್ರೆ ಕೋರ್ಟು ಗಡುವು ಕೊಡಬಾರದಾ?

ಕೊಡಬೇಕು ಎಂದು ಮನಸ್ಸಿಗೆ ಅನ್ನಿಸುವುದು ಸಹಜ. ಆದರೆ 200ನೇ ವಿಧಿಯಲ್ಲಿ ತಿಂಗಳ ಲೆಕ್ಕವಿಲ್ಲ, 'ಆದಷ್ಟು ಬೇಗ' ಎಂದಷ್ಟೇ ಇದೆ. 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಪ್ರಕರಣದಲ್ಲಿ ಇಬ್ಬರ ಪೀಠ ಗಡುವು ನಿಗದಿ ಮಾಡಿ, ಮಸೂದೆಗಳಿಗೆ ಅಂಕಿತ ಸಿಕ್ಕಿದೆ ಎಂದೇ ಭಾವಿಸತಕ್ಕದ್ದು ಎಂದಿತು. ಅದೇ ನವೆಂಬರ್‌ನಲ್ಲಿ ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗೆ ಅಭಿಪ್ರಾಯ ಕೊಟ್ಟ ಐವರ ಪೀಠ, ಕೋರ್ಟು ಇಂಥ ಗಡುವು ಹಾಕುವಂತಿಲ್ಲ, ಅಂಕಿತ ಸಿಕ್ಕಿದಂತೆ ಎಂಬ ಕಲ್ಪನೆಗೂ ಜಾಗವಿಲ್ಲ ಎಂದಿತು. ಆದರೆ ಕಾರಣವಿಲ್ಲದೆ ಅನಿರ್ದಿಷ್ಟವಾಗಿ ಕೂತರೆ ತೀರ್ಮಾನ ಕೈಗೊಳ್ಳಿ ಎಂದು ಸೂಚಿಸಬಹುದು ಎಂದೂ ಹೇಳಿತು.

ಎರಡನೆಯದೇ ಸರಿಯಾದ ಓದು. ವರ್ಷಗಟ್ಟಲೆ ಕಡತ ಹಿಡಿದಿಟ್ಟ ರಾಜ್ಯಪಾಲರ ನಡೆಗೆ ಇದು ಸಮರ್ಥನೆಯಲ್ಲ. ಗಡುವು ಬೇಕಿದ್ದರೆ 200ನೇ ವಿಧಿಗೆ ತಿದ್ದುಪಡಿ ತಂದು ದಿನಗಳನ್ನೇ ಬರೆಯಲಿ.

ಬೊಮ್ಮಾಯಿ ಕೇಸು ಅಂತ ಎಲ್ಲರೂ ಹೇಳ್ತಾರೆ. ಅಸಲಿಗೆ ಆಗಿದ್ದೇನು?

1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎಂಬ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈಸೇರಿದವು. ಬೆನ್ನಿಗೇ ಅವರಲ್ಲಿ 7 ಮಂದಿ, ತಪ್ಪು ಹೇಳಿ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಅಧಿವೇಶನ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಕೇಳಿದರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು.

ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು. 1994ರ ಮಾರ್ಚ್ 11ರಂದು ಒಂಬತ್ತು ಮಂದಿಯ ಪೀಠ, ಬಹುಮತ ಎಣಿಸುವ ಜಾಗ ವಿಧಾನಸಭೆಯ ಒಳಗೇ ಹೊರತು ರಾಜಭವನದಲ್ಲಲ್ಲ ಎಂದು ತೀರ್ಮಾನಿಸಿತು. ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು, ಸಂಸತ್ತಿನ ಒಪ್ಪಿಗೆ ಸಿಗುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ ಎಂಬುದೂ ಅಲ್ಲಿಂದಲೇ ಬಂತು. ಆ ಹೊತ್ತಿಗೆ ಬೊಮ್ಮಾಯಿಯವರ ಕುರ್ಚಿ ಹೋಗಿ ಐದು ವರ್ಷವಾಗಿತ್ತು. ಇವತ್ತು 24 ಗಂಟೆಯಲ್ಲಿ ವಿಶ್ವಾಸಮತ ಸಾಬೀತುಮಾಡಿ ಎಂದು ಕೋರ್ಟು ಹೇಳುವುದು ಈ ತೀರ್ಪಿನ ಬಲದ ಮೇಲೆ.

## ಆಸ್ತಿ

ಆಸ್ತಿ ಹಕ್ಕು ಈಗ ಮೂಲಭೂತ ಹಕ್ಕಲ್ವಂತೆ. ಹಾಗಾದ್ರೆ ಜಮೀನನ್ನ ಸುಮ್ಮನೆ ಕಿತ್ಕೊಳ್ಳಬಹುದಾ?

ಸುಮ್ಮನೆ ಆಗದು. 1978ರ 44ನೇ ತಿದ್ದುಪಡಿ 19(1)(ಎಫ್) ಮತ್ತು 31ನೇ ವಿಧಿಯನ್ನು ತೆಗೆದು 300ಎ ವಿಧಿಯನ್ನು ಸೇರಿಸಿತು. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂಬುದು ಅದರ ಒಂದೇ ಸಾಲು. ಇದರಿಂದ ಕಳೆದುಹೋದದ್ದು ಮುಖ್ಯವಾಗಿ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟುವ ಅವಕಾಶ. ಹೈಕೋರ್ಟಿನ ಬಾಗಿಲು ತೆರೆದೇ ಇದೆ.

ಆ ಒಂದು ಸಾಲಿನಲ್ಲಿ ಏನೇನಿದೆ ಎಂದು ಬಿಡಿಸಿದ್ದು ಬೆಂಗಳೂರಿನ ತಾತಗುಣಿಯ ರೋರಿಕ್ ಎಸ್ಟೇಟಿನ ಪ್ರಕರಣ. 2011ರಲ್ಲಿ ಐವರ ಪೀಠ ಆ ಸ್ವಾಧೀನವನ್ನು ಒಪ್ಪಿತು. ಆದರೆ ಸಾರ್ವಜನಿಕ ಉದ್ದೇಶ ಇರಲೇಬೇಕು, ಪರಿಹಾರ ಕೇಳುವ ಹಕ್ಕು 300ಎ ಒಳಗೇ ಇದೆ ಎಂದಿತು. 2024ರ ಮೇ ತಿಂಗಳಲ್ಲಿ ಕೋಲ್ಕತ್ತಾ ಪಾಲಿಕೆಯ ಪ್ರಕರಣದಲ್ಲಿ ಇದು ಏಳು ಎಳೆಗಳಾಯಿತು: ನೋಟಿಸು, ಆಕ್ಷೇಪಣೆಯ ವಿಚಾರಣೆ, ಕಾರಣಸಹಿತ ತೀರ್ಮಾನ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ, ವಿಳಂಬವಿಲ್ಲದ ಪ್ರಕ್ರಿಯೆ, ಪ್ರಕ್ರಿಯೆಯ ಮುಕ್ತಾಯ. ನಿಮ್ಮ ಕಡತದಲ್ಲಿ ಯಾವುದು ತಪ್ಪಿದೆ ಎಂದು ಈ ಏಳನ್ನು ಇಟ್ಟುಕೊಂಡು ಟಿಕ್ ಹಾಕುತ್ತಾ ಹೋಗಬಹುದು.

ಭೂಸ್ವಾಧೀನದ ನೋಟಿಸು ಬಂದಿದೆ. ಮೊದಲು ಏನು ನೋಡ್ಬೇಕು?

ಯಾವ ಕಾಯ್ದೆ ಎಂದು ನೋಡಿ. ತಪ್ಪಾಗುವುದೇ ಇಲ್ಲಿ. 2013ರ ಭೂಸ್ವಾಧೀನ ಕಾಯ್ದೆಯೋ, 1966ರ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯೋ, ಹೆದ್ದಾರಿ ಕಾಯ್ದೆಯೋ ಎಂಬುದರ ಮೇಲೆ ಗಡುವು, ಆಕ್ಷೇಪಣೆ, ಮೇಲ್ಮನವಿ ಎಲ್ಲವೂ ಬದಲಾಗುತ್ತದೆ. ಕೆಐಎಡಿಬಿಯಲ್ಲಿ 28(1) ಎಂದಿದ್ದರೆ ಪ್ರಾಥಮಿಕ ಅಧಿಸೂಚನೆ, 28(4) ಎಂದಿದ್ದರೆ ಅಂತಿಮ. ಆಕ್ಷೇಪಣೆಗೆ ಸಮಯ ಇರುವುದು ಇವೆರಡರ ನಡುವೆ ಮಾತ್ರ.

2013ರ ಕಾಯ್ದೆಯಾದರೆ 11ನೇ ಸೆಕ್ಷನ್ನಿನ ಪ್ರಾಥಮಿಕ ಅಧಿಸೂಚನೆಯಿಂದ 60 ದಿನದೊಳಗೆ 15ನೇ ಸೆಕ್ಷನ್ನಿನಡಿ ಲಿಖಿತ ಆಕ್ಷೇಪಣೆ ಕೊಡಬೇಕು. ಖಾಸಗಿ ಕಂಪನಿಗೆ ಜಮೀನು ಕೊಡಿಸುವುದಾದರೆ ಬಾಧಿತ ಕುಟುಂಬಗಳಲ್ಲಿ ಶೇ 80, ಸರ್ಕಾರಿ-ಖಾಸಗಿ ಸಹಭಾಗಿತ್ವವಾದರೆ ಶೇ 70 ಒಪ್ಪಿಗೆ ಬೇಕು. 19ನೇ ಸೆಕ್ಷನ್ನಿನ ಘೋಷಣೆಯಾದ 12 ತಿಂಗಳೊಳಗೆ ಐತೀರ್ಪು, ಅಂದರೆ ಪರಿಹಾರ ನಿಗದಿ ಮಾಡುವ ಆದೇಶ, ಬರದಿದ್ದರೆ, ಸರ್ಕಾರ ಅವಧಿ ವಿಸ್ತರಿಸದ ಹೊರತು, ಇಡೀ ಪ್ರಕ್ರಿಯೆ ಬಿದ್ದುಹೋಗುತ್ತದೆ.

ಹಣದ ಲೆಕ್ಕ ಹೀಗೆ. ಮೂರು ಮೊತ್ತಗಳಲ್ಲಿ ಅತಿ ಹೆಚ್ಚಿನದು ಮಾರುಕಟ್ಟೆ ಬೆಲೆ: ನೋಂದಣಿಗೆ ಹಿಡಿಯುವ ಮಾರ್ಗಸೂಚಿ ದರ, ಹಿಂದಿನ 3 ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆ ತೋರಿಸಿದ ಅರ್ಧದಷ್ಟರ ಸರಾಸರಿ, ಒಪ್ಪಂದದ ಮೊತ್ತ. ಗ್ರಾಮೀಣ ಜಮೀನಾದರೆ ಅದನ್ನು ಪಟ್ಟಣದಿಂದ ಇರುವ ದೂರ ನೋಡಿ 1ರಿಂದ 2ರವರೆಗಿನ ಗುಣಕದಿಂದ ಗುಣಿಸುತ್ತಾರೆ. ಮರಗಿಡ, ಬಾವಿ, ಕಟ್ಟಡದ ಬೆಲೆ ಸೇರಿಸಿ, ಬಂದ ಮೊತ್ತಕ್ಕೆ ಅಷ್ಟೇ ಮೊತ್ತದ ಸೊಲೇಷಿಯಂ (ಬಲವಂತದ ಸ್ವಾಧೀನಕ್ಕೆ ಕೊಡುವ ಸಾಂತ್ವನ ಧನ) ಕೂಡಿಸುತ್ತಾರೆ. ಎಕರೆಗೆ ₹10 ಲಕ್ಷ ಬೆಲೆ, ಗುಣಕ 2 ಎಂದಾದರೆ 20, ಸೊಲೇಷಿಯಂ ಸೇರಿ ₹40 ಲಕ್ಷ. ಇದರ ಮೇಲೆ, ಸಾಮಾಜಿಕ ಪರಿಣಾಮ ಅಧ್ಯಯನದ ಅಧಿಸೂಚನೆಯಿಂದ ಐತೀರ್ಪಿನವರೆಗೆ ಅಥವಾ ಸ್ವಾಧೀನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇ 12.

ನಮ್ಮ ಜನರಿಗೆ ಹೊಡೆತ ಬೀಳುವುದು ಕ್ರಯಪತ್ರದಲ್ಲಿ. ಮುದ್ರಾಂಕ ಶುಲ್ಕ ಉಳಿಸಲು ಊರಿನವರೆಲ್ಲ ಅರ್ಧ ಬೆಲೆ ತೋರಿಸಿ ನೋಂದಣಿ ಮಾಡಿಸಿರುತ್ತಾರೆ. ನಾಳೆ ಸರ್ಕಾರ ಲೆಕ್ಕ ಹಾಕುವಾಗ ಆ ಅರ್ಧ ಬೆಲೆಯೇ ಸಾಕ್ಷಿ. ಎರಡನೆಯದು, ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿರುವುದು. ಪೌತಿ ಖಾತೆ, ಅಂದರೆ ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗದಿದ್ದರೆ ಹಣ ನಿಮ್ಮ ಕೈಗೆ ಬರದೆ ಠೇವಣಿಗೆ ಹೋಗುತ್ತದೆ. ಮೂರನೆಯದು, ಪರಿಹಾರ ಸಾಲದು ಎನ್ನುವವರು 64ನೇ ಸೆಕ್ಷನ್ನಿನ ಗಡುವು ಮರೆಯುವುದು. ಐತೀರ್ಪಿನ ದಿನ ಹಾಜರಿದ್ದರೆ ಅಂದಿನಿಂದ 6 ವಾರ. ಇಲ್ಲದಿದ್ದರೆ ನೋಟಿಸು ತಲುಪಿದ 6 ವಾರ ಅಥವಾ ಐತೀರ್ಪಿನಿಂದ 6 ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಅದು. ಹಣ ಪಡೆಯುವಾಗ 'ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ' ಎಂದು ಬರೆದು ಸಹಿ ಹಾಕಿ.

ಖಾಸಗಿ ಆಸ್ತಿಯೆಲ್ಲ ಸಮುದಾಯದ್ದು ಅಂತ ಸಂವಿಧಾನದಲ್ಲೇ ಇದೆಯಂತೆ, ನಿಜವಾ?

39(ಬಿ) ವಿಧಿಯಲ್ಲಿರುವುದು 'ಸಮುದಾಯದ ಭೌತಿಕ ಸಂಪನ್ಮೂಲಗಳು' ಎಂಬ ಮಾತು. ಕರ್ನಾಟಕ ಸರ್ಕಾರ 1976ರಲ್ಲಿ ಖಾಸಗಿ ಕಾಂಟ್ರಾಕ್ಟ್ ಬಸ್ಸುಗಳನ್ನು ವಶಪಡಿಸಿಕೊಂಡ ಕಾಯ್ದೆ ರಂಗನಾಥ ರೆಡ್ಡಿ ಪ್ರಕರಣವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಖಾಸಗಿಯವರದೂ ಇದರಲ್ಲಿ ಸೇರಿತು ಎಂದು ಬರೆದರು. ಏಳು ಮಂದಿಯಲ್ಲಿ ನಾಲ್ವರು ಆ ಮಾತಿಗೆ ಸಹಿ ಹಾಕಲಿಲ್ಲ. ಆದರೂ 1982ರ ಡಿಸೆಂಬರ್‌ನಲ್ಲಿ ಇನ್ನೊಂದು ಪೀಠ ಅಲ್ಪಮತದ ಆ ಮಾತನ್ನೇ ಕಾನೂನೆಂದು ಹಿಡಿಯಿತು. ಸಹಿ ಎಣಿಸಬೇಕು ಎಂದು ಮೇಲೆ ಹೇಳಿದ್ದು ಇದಕ್ಕೇ. 2024ರ ನವೆಂಬರ್ 5ರಂದು ಒಂಬತ್ತು ಮಂದಿಯ ಪೀಠ ಇದನ್ನು ಸರಿಪಡಿಸಿತು: ಕೆಲವು ಖಾಸಗಿ ಸಂಪತ್ತು ಸೇರಬಹುದು, ಎಲ್ಲವೂ ಸೇರದು.

## ತೆರಿಗೆ, ಸಾಲ, ಖಜಾನೆ

ಸರ್ಕಾರ ಹಿಂದಿನ ವರ್ಷಗಳಿಗೂ ಸೇರಿಸಿ ತೆರಿಗೆ ಹಾಕಬಹುದಾ?

ಹಾಕುವ ಅಧಿಕಾರ ಇದೆ, ಹಾಕಬಾರದು. 265ನೇ ವಿಧಿ ಕೇಳುವುದು ಕಾನೂನಿನ ಬಲವನ್ನು. ಹಿಂದಿನ ದಿನಾಂಕದಿಂದ ಅಪರಾಧ ಸೃಷ್ಟಿಸುವಂತಿಲ್ಲ ಎಂಬ 20(1)ನೇ ವಿಧಿಯ ತಡೆ ತೆರಿಗೆಗೆ ಇಲ್ಲ.

ವೊಡಾಫೋನ್ ಪ್ರಕರಣ ನೋಡಿ. 2007ರಲ್ಲಿ ವಿದೇಶದಲ್ಲೇ ನಡೆದ ಷೇರು ವ್ಯವಹಾರಕ್ಕೆ ಇಲ್ಲಿ ತೆರಿಗೆ ಕೇಳಿದರು. 2012ರ ಜನವರಿ 20ರಂದು ಸುಪ್ರೀಂ ಕೋರ್ಟ್ ಕಾಯ್ದೆಯಲ್ಲಿ ಹಾಗಿಲ್ಲ ಎಂದಿತು. ಕೆಲವೇ ತಿಂಗಳಲ್ಲಿ ಸರ್ಕಾರ 1962ರ ಏಪ್ರಿಲ್ 1ರಿಂದಲೇ ಹಾಗಿತ್ತು ಎಂದು ಕಾಯ್ದೆಯನ್ನು ತಿದ್ದಿತು. 2020ರಲ್ಲಿ ಅಂತಾರಾಷ್ಟ್ರೀಯ ಪಂಚಾಯ್ತಿಯಲ್ಲಿ ವೊಡಾಫೋನ್ ಮತ್ತು ಇದೇ ತಿದ್ದುಪಡಿಯಿಂದ ತೆರಿಗೆ ಬಿದ್ದಿದ್ದ ಕೇರ್ನ್ ಕಂಪನಿ ಎರಡೂ ಗೆದ್ದವು. 2021ರಲ್ಲಿ ಸಂಸತ್ತು ಆ ಬೇಡಿಕೆಗಳನ್ನು ಕೈಬಿಟ್ಟು, ವಸೂಲಿ ಮಾಡಿದ್ದನ್ನು ಬಡ್ಡಿಯಿಲ್ಲದೆ ಹಿಂದಿರುಗಿಸಲು ಒಪ್ಪಿತು. ಒಂಬತ್ತು ವರ್ಷ ಬಂಡವಾಳ ಹೂಡುವವರ ಮನಸ್ಸಿನಲ್ಲಿ ಹುಳಿ ಹಿಂಡಿದ್ದಷ್ಟೇ ಲಾಭ.

ಜಿಎಸ್‌ಟಿ ಬಂದ್ಮೇಲೆ ರಾಜ್ಯಗಳ ಕೈ ಕಟ್ಟಿಹಾಕಿದ ಹಾಗಾಯ್ತಲ್ವಾ?

ಮತದ ಲೆಕ್ಕ ಹಾಕಿ ನೋಡೋಣ. 279ಎ ವಿಧಿಯ ಪ್ರಕಾರ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗ ತೂಕ, ಎಲ್ಲ ರಾಜ್ಯಗಳಿಗೆ ಸೇರಿ ಮೂರನೇ ಎರಡು ಭಾಗ. ತೀರ್ಮಾನಕ್ಕೆ ನಾಲ್ಕನೇ ಮೂರು ಭಾಗ ಬೇಕು. ಕೇಂದ್ರ ಬೇಡ ಎಂದರೆ ಏನೂ ಆಗದು. ಆದರೆ ದೆಹಲಿ, ಪುದುಚೇರಿ, ಜಮ್ಮು-ಕಾಶ್ಮೀರ ಸೇರಿ 31 ಸದಸ್ಯರೂ ಮತ ಹಾಕಿದರೆ ಒಬ್ಬೊಬ್ಬರ ತೂಕ ಸುಮಾರು ಶೇ 2.15. 12 ರಾಜ್ಯಗಳು ಒಟ್ಟಾದರೆ ಶೇ 25 ದಾಟುತ್ತದೆ, ಕೇಂದ್ರದ ಪ್ರಸ್ತಾವವೂ ಬೀಳುತ್ತದೆ.

ಇಬ್ಬರ ಕೈಯಲ್ಲೂ ತಡೆಯುವ ಶಕ್ತಿ ಇರುವುದು ಒಳ್ಳೆಯ ರಚನೆ ಎಂಬುದು ನಮ್ಮ ಅಭಿಪ್ರಾಯ. ಮಂಡಳಿಯ ಶಿಫಾರಸು ಶಾಸನಸಭೆಗಳನ್ನು ಕಟ್ಟಿಹಾಕದು ಎಂದು 2022ರ ಮೋಹಿತ್ ಮಿನರಲ್ಸ್ ತೀರ್ಪು ಹೇಳಿದೆ. ಕೊರತೆ ಇರುವುದು ಜಗಳ ಬಗೆಹರಿಸುವ ಏರ್ಪಾಡಿನಲ್ಲಿ. ವಿವಾದ ಬಂದರೆ ಮಂಡಳಿಯೇ ಅದಕ್ಕೊಂದು ವ್ಯವಸ್ಥೆ ಮಾಡಿಕೊಳ್ಳಬೇಕು ಎಂದಿದೆ. ತನ್ನ ಕೇಸಿಗೆ ತಾನೇ ನ್ಯಾಯಾಧೀಶ ಎಂದ ಹಾಗೆ.

ಬಜೆಟ್ ಪುಸ್ತಕದಲ್ಲಿ ಯಾವ ಪುಟ ನೋಡಿದ್ರೆ ನಿಜ ಗೊತ್ತಾಗುತ್ತೆ?

ಭಾಷಣ ಬಿಡಿ, ಅಂಕಿ ನೋಡಿ. ರಾಜಸ್ವ ಕೊರತೆ ಎಂದರೆ ದಿನನಿತ್ಯದ ಖರ್ಚಿಗೇ ಸಾಲ. ವಿತ್ತೀಯ ಕೊರತೆ ಎಂದರೆ ಆ ವರ್ಷದ ಒಟ್ಟು ಸಾಲದ ಅಗತ್ಯ. ರಾಜ್ಯಗಳ ಪೈಕಿ ಮೊದಲು, 2002ರಲ್ಲೇ, ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ್ದು ಕರ್ನಾಟಕ. ವಿತ್ತೀಯ ಕೊರತೆ ರಾಜ್ಯದ ಆಂತರಿಕ ಉತ್ಪನ್ನದ ಶೇ 3, ಒಟ್ಟು ಹೊಣೆ ಶೇ 25 ಮೀರಬಾರದು ಎಂಬುದು ಅದರ ಅಳತೆಗೋಲು. ಆಮೇಲೆ ಬಡ್ಡಿ ಪಾವತಿಯನ್ನು ರಾಜಸ್ವ ಸ್ವೀಕೃತಿಯಿಂದ ಭಾಗಿಸಿ. ಈ ಪಾಲು ವರ್ಷವರ್ಷ ಏರುತ್ತಿದ್ದರೆ ಹಳೆಯ ಸಾಲ ಹೊಸ ಶಾಲೆಯನ್ನು ನುಂಗುತ್ತಿದೆ ಎಂದರ್ಥ.

ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ಲೆಕ್ಕ ಎಂಬ ಅಂಕಣಗಳನ್ನು ಹೋಲಿಸಿ. ಭರವಸೆ ಇರುವುದು ಮೊದಲನೆಯದರಲ್ಲಿ, ನಿಜ ಇರುವುದು ಕೊನೆಯದರಲ್ಲಿ. ಬಜೆಟ್ಟಿನ ಹೊರಗಿನ ಸಾಲವನ್ನೂ ಹುಡುಕಿ. ಕೇಂದ್ರ ಸರ್ಕಾರ ಆಹಾರ ಸಹಾಯಧನಕ್ಕೆ ಕೊಡಬೇಕಾದ ಹಣವನ್ನು ವರ್ಷಗಟ್ಟಲೆ ಭಾರತ ಆಹಾರ ನಿಗಮದ ಹೆಸರಲ್ಲಿ ಸಣ್ಣ ಉಳಿತಾಯ ನಿಧಿಯಿಂದ ಸಾಲ ಎತ್ತಿಸಿ ತನ್ನ ಕೊರತೆಯನ್ನು ಕಡಿಮೆ ತೋರಿಸಿತ್ತು. 2021ರ ಬಜೆಟ್‌ನಲ್ಲಿ ಅದನ್ನು ಲೆಕ್ಕದೊಳಗೆ ತಂದದ್ದು ಮೆಚ್ಚಬೇಕಾದ ಕೆಲಸ. ರಾಜ್ಯಗಳಲ್ಲಿ ಇದೇ ಕೆಲಸ ನಿಗಮಗಳ ಹೆಸರಲ್ಲಿ ನಡೆಯುತ್ತದೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯಲ್ಲಿ ಅದಕ್ಕೆಂದೇ ಕೋಷ್ಟಕ ಇರುತ್ತದೆ.

## ತಕರಾರಿನ ಪ್ರಶ್ನೆಗಳು

ಸರ್ಕಾರ ಮಾಡದ ಒಳ್ಳೇ ಕೆಲಸವನ್ನ ಕೋರ್ಟು ಮಾಡಿದ್ರೆ ನಿಮಗೇನು ಕಷ್ಟ?

ಕೋರ್ಟಿಗೆ ಆದೇಶ ಕೊಡಲು ಬರುತ್ತದೆ. ಸಮೀಕ್ಷೆ ಮಾಡಲು, ವಿನಾಯಿತಿ ತೂಗಲು, ತಪ್ಪಾದರೆ ಮತದಾರನಿಗೆ ಉತ್ತರ ಕೊಡಲು ಬರುವುದಿಲ್ಲ. 2016ರ ಡಿಸೆಂಬರ್‌ನಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಎಂಬ ಆದೇಶ ಬಂತು. ಉದ್ದೇಶ ಜೀವ ಉಳಿಸುವುದು. ಆದದ್ದೇನು? ಸಣ್ಣ ಊರುಗಳಲ್ಲಿ 500 ಮೀಟರ್ ಎಂದರೆ ಊರೇ ಮುಗಿಯುತ್ತದೆ ಎಂದು ಆಮೇಲೆ ಅರಿವಾಗಿ, 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಕಡೆ 220 ಮೀಟರ್ ಎಂದಾಯಿತು. ಹಲವು ರಾಜ್ಯಗಳು ನಗರದೊಳಗಿನ ಹೆದ್ದಾರಿಗಳನ್ನು ಹೆದ್ದಾರಿಯೇ ಅಲ್ಲ ಎಂದು ಮರುವರ್ಗೀಕರಿಸಿದವು. ಕೊನೆಗೆ ನಗರ ಮಿತಿಯೊಳಗಿನವುಗಳಿಗೆ ವಿನಾಯಿತಿ ಬಂತು. ಇವು ಸಮಿತಿಯಲ್ಲಿ ಕೂತು ಮೊದಲೇ ನೋಡಬೇಕಾಗಿದ್ದ ವಿಷಯಗಳು.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ಬಗ್ಗೆ 1997ರ ವಿಶಾಖಾ ತೀರ್ಪು ಕೊಟ್ಟ ಮಾರ್ಗಸೂಚಿಗಳನ್ನು ನಮ್ಮ ಪಾಳೆಯದಲ್ಲೇ ಹಲವರು ಒಪ್ಪುತ್ತಾರೆ, ನಾವೂ ಒಪ್ಪುತ್ತೇವೆ. ಅಲ್ಲಿ ಕೋರ್ಟು, ಶಾಸನ ಬರುವವರೆಗೆ ಮಾತ್ರ ಎಂದು ತನಗೆ ತಾನೇ ಗೆರೆ ಎಳೆದುಕೊಂಡಿತ್ತು. ಸಂಸತ್ತು ಕಾಯ್ದೆ ಮಾಡಲು 2013ರವರೆಗೆ, 16 ವರ್ಷ, ತೆಗೆದುಕೊಂಡದ್ದು ನಾಚಿಕೆಗೇಡು.

ಪದ ಹಿಡಿದು ಓದೋದಾದ್ರೆ ತುರ್ತು ಪರಿಸ್ಥಿತಿಯ ಜಬಲ್ಪುರ್ ತೀರ್ಪೂ ಸರಿ ಅಂತೀರಾ?

ಇದು ನಮಗೆ ಹಾಕುವ ಅತಿ ಗಟ್ಟಿ ಪ್ರಶ್ನೆ. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು, ರಾಷ್ಟ್ರಪತಿ ಆದೇಶ ಇರುವವರೆಗೆ ಬಂಧಿತ ವ್ಯಕ್ತಿ ಕೋರ್ಟಿಗೆ ಬರುವಂತಿಲ್ಲ ಎಂದರು. ಒಂಬತ್ತು ಹೈಕೋರ್ಟುಗಳು ಬೇರೆ ಹೇಳಿದ್ದವು.

359ನೇ ವಿಧಿಯನ್ನು ನಿಧಾನವಾಗಿ ಓದಿ. ಅದು ತಡೆಹಿಡಿಯುವುದು ಸಂವಿಧಾನದ ಮೂರನೇ ಭಾಗದ ಮೂಲಭೂತ ಹಕ್ಕುಗಳ ಜಾರಿಗಾಗಿ ಕೋರ್ಟಿಗೆ ಹೋಗುವುದನ್ನು. ಆಂತರಿಕ ಭದ್ರತಾ ಕಾಯ್ದೆ, ಮೀಸಾ, ಹಾಕಿದ ಷರತ್ತುಗಳನ್ನು ಅದು ಅಳಿಸುವುದಿಲ್ಲ. ಕಾಯ್ದೆ ಮೀರಿ ಬಂಧಿಸಿದ್ದಾರೆ ಎಂದು ಕೇಳುವವನು ಕೇಳುತ್ತಿರುವುದು ಕಾಯ್ದೆಯ ಪಾಲನೆಯನ್ನು. ಕಾನೂನಿನ ಬಲವಿಲ್ಲದೆ ಜೀವ, ಸ್ವಾತಂತ್ರ್ಯ ತೆಗೆಯುವ ಅಧಿಕಾರ ತುರ್ತು ಪರಿಸ್ಥಿತಿಯಲ್ಲೂ ಸರ್ಕಾರಕ್ಕಿಲ್ಲ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಪದಗಳನ್ನು ಸರಿಯಾಗಿ ಓದಿದವರು ಅವರು, ಬಹುಮತದವರಲ್ಲ. 44ನೇ ತಿದ್ದುಪಡಿ 20 ಮತ್ತು 21ನೇ ವಿಧಿಗಳನ್ನು ಇನ್ನು ತಡೆಹಿಡಿಯಲಾಗದಂತೆ ಮಾಡಿತು. 2017ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಜಬಲ್ಪುರ್ ತೀರ್ಪನ್ನು ಹೆಸರು ಹಿಡಿದು ತಳ್ಳಿಹಾಕಲಾಯಿತು.

ಕೊಲಿಜಿಯಂ ಬೇಡ ಅಂತೀರಿ. ಹಾಗಾದ್ರೆ ಮಂತ್ರಿಗಳೇ ಜಡ್ಜ್‌ಗಳನ್ನ ಆರಿಸಲಿ ಅಂತಾನಾ?

124ನೇ ವಿಧಿಯಲ್ಲಿದ್ದ ಪದ 'ಸಮಾಲೋಚನೆ'. 1993ರ ತೀರ್ಪು ಅದನ್ನು 'ಸಮ್ಮತಿ' ಎಂದು ಓದಿ ಆಯ್ಕೆಯನ್ನು ಹಿರಿಯ ನ್ಯಾಯಮೂರ್ತಿಗಳ ಗುಂಪಿನ, ಅಂದರೆ ಕೊಲಿಜಿಯಂನ, ಕೈಗೆ ಕೊಟ್ಟಿತು. ಬರೆದ ಪದವನ್ನು ಬಿಟ್ಟು ಬೇರೆ ಪದ ಓದಿದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗದು. 2014ರಲ್ಲಿ 99ನೇ ತಿದ್ದುಪಡಿ ನ್ಯಾಯಮೂರ್ತಿಗಳನ್ನು ಆರಿಸಲು ಆರು ಮಂದಿಯ ಆಯೋಗ ತಂದಿತು, 2015ರ ಅಕ್ಟೋಬರ್ 16ರಂದು 4–1ರಲ್ಲಿ ಅದು ರದ್ದಾಯಿತು.

ಆ ಆಯೋಗದ ರಚನೆಯಲ್ಲೂ ದೋಷವಿತ್ತು. ಯಾವ ಇಬ್ಬರು ಬೇಡ ಎಂದರೂ ಹೆಸರು ಬೀಳುತ್ತಿತ್ತು, ಇಬ್ಬರು 'ಗಣ್ಯ ವ್ಯಕ್ತಿಗಳು' ಯಾರು ಎಂಬುದಕ್ಕೆ ಯಾವ ಅರ್ಹತೆಯೂ ಬರೆದಿರಲಿಲ್ಲ. ನ್ಯಾಯಮೂರ್ತಿಗಳಿಗೆ ಹೆಚ್ಚು ಸ್ಥಾನ, ಗಣ್ಯರಿಗೆ ಸ್ಪಷ್ಟ ಅರ್ಹತೆ, ತಿರಸ್ಕರಿಸಿದರೆ ಲಿಖಿತ ಕಾರಣ: ಈ ಮೂರನ್ನು ಸೇರಿಸಿ ಸಂಸತ್ತು ಮತ್ತೆ ತಿದ್ದುಪಡಿ ತರಬೇಕು ಎಂಬುದು ನಮ್ಮ ಬೇಡಿಕೆ.

ಮೂಲ ಸ್ವರೂಪ ಅನ್ನೋ ಮಾತು ಸಂವಿಧಾನದಲ್ಲಿ ಎಲ್ಲೂ ಇಲ್ವಲ್ಲ, ಅದನ್ನ ಯಾಕೆ ಒಪ್ಪಬೇಕು?

ಸಂವಿಧಾನದ ಬುನಾದಿಯನ್ನು ತಿದ್ದುಪಡಿಯಿಂದಲೂ ಕೆಡವುವಂತಿಲ್ಲ ಎಂಬುದೇ ಮೂಲ ಸ್ವರೂಪದ ತತ್ವ. ಈ ಪ್ರಶ್ನೆಯಲ್ಲಿ ನಮ್ಮವರೇ ಇಬ್ಭಾಗ. 368ನೇ ವಿಧಿಯಲ್ಲಿ ಮಿತಿ ಬರೆದಿಲ್ಲ, ಹಾಗಾಗಿ ಮಿತಿಯೇ ಇಲ್ಲ ಎನ್ನುವವರಿದ್ದಾರೆ. ತಿದ್ದುವುದು ಎಂಬ ಪದದಲ್ಲೇ ಮಿತಿ ಇದೆ ಎಂಬುದು ನಮ್ಮ ಓದು. ಮನೆಯ ಗೋಡೆ ತಿದ್ದಿಸಬಹುದು, ಮನೆ ಕೆಡವಿ ಬೇರೆ ಕಟ್ಟಿದ್ದನ್ನು ಯಾವ ಮೇಸ್ತ್ರಿಯೂ ತಿದ್ದಿದ್ದು ಎನ್ನುವುದಿಲ್ಲ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಹೋದದ್ದು ಕೇರಳದ ಭೂಸುಧಾರಣೆಯಿಂದ ಮಠದ ಜಮೀನು ಉಳಿಸಿಕೊಳ್ಳಲು. 68 ದಿನ ವಾದ ನಡೆದು, 1973ರ ಏಪ್ರಿಲ್ 24ರಂದು 7–6ರಲ್ಲಿ ತೀರ್ಪು ಬಂತು. ದೇಶಕ್ಕೆ ತತ್ವ ಸಿಕ್ಕಿತು, ಮಠಕ್ಕೆ ಜಮೀನು ಸಿಗಲಿಲ್ಲ. ಆ ತತ್ವ ಕೆಲಸಕ್ಕೆ ಬಂದದ್ದು ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣದಲ್ಲಿ. ಯಾವ ತಿದ್ದುಪಡಿಯನ್ನೂ ಯಾವ ಕೋರ್ಟಿನಲ್ಲೂ ಪ್ರಶ್ನಿಸಬಾರದು ಎಂದು 42ನೇ ತಿದ್ದುಪಡಿ ಬರೆದಿದ್ದ ಉಪವಿಧಿ 1980ರಲ್ಲಿ ಬಿತ್ತು. ಅಂಥ ಕಡೆ ಮಾತ್ರ, ಅಪರೂಪಕ್ಕೆ ಮಾತ್ರ ಈ ಅಸ್ತ್ರ ಹೊರಬರಬೇಕು.

ನಿಮಗೆ ಇಷ್ಟವಾದ ಫಲಿತಾಂಶ ನಿಮ್ಮ ತತ್ವಕ್ಕೆ ವಿರುದ್ಧವಾಗಿ ಬಂದ್ರೆ?

ಬಂದಿದೆ. ಬೆಂಗಳೂರು–ಮೈಸೂರು ಕಾರಿಡಾರಿಗಾಗಿ ಕೆಐಎಡಿಬಿ ಮೂಲಕ 2005ರಲ್ಲಿ ಜಮೀನು ಹೋದವರಿಗೆ 2019ರವರೆಗೆ ಐತೀರ್ಪೇ ಆಗಲಿಲ್ಲ. ಆದಾಗಲೂ ಹಿಡಿದದ್ದು 2011ರ ಮಾರ್ಗಸೂಚಿ ದರ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 142ನೇ ವಿಧಿಯ ವಿಶೇಷಾಧಿಕಾರ ಬಳಸಿ, 2019ರ ಏಪ್ರಿಲ್ 22ರ ಬೆಲೆ ಲೆಕ್ಕ ಹಾಕಿ ಎಂದಿತು.

ಆ ಕುಟುಂಬಗಳಿಗೆ ಅದು ಸಲ್ಲಬೇಕಾದದ್ದೇ. ಆದರೆ 142 ಎಂಬುದು ಆ ಒಂದು ಕೇಸಿಗೆ ಸಿಗುವ ಪರಿಹಾರ. ಪಕ್ಕದ ಸರ್ವೆ ನಂಬರಿನವನು ಮತ್ತೆ ದೆಹಲಿಯವರೆಗೆ ಹೋಗಬೇಕು. ಐತೀರ್ಪು ತಡವಾದರೆ ಸ್ವಾಧೀನವೇ ಬಿದ್ದುಹೋಗುವ ನಿಯಮ ಕೆಐಎಡಿಬಿ ಕಾಯ್ದೆಯಲ್ಲಿಲ್ಲ, ಹಳೆಯ ಭೂಸ್ವಾಧೀನ ಕಾಯ್ದೆಯ ಗಡುವೂ ಅದಕ್ಕೆ ಅನ್ವಯಿಸದು ಎಂದು 2011ರ ನಾಗಭೂಷಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 28(4)ರ ಅಂತಿಮ ಅಧಿಸೂಚನೆಯಿಂದ 12 ತಿಂಗಳೊಳಗೆ ಐತೀರ್ಪು, ಇಲ್ಲದಿದ್ದರೆ ಜಮೀನು ವಾಪಸ್ಸು ಎಂಬ ಒಂದು ಉಪಸೆಕ್ಷನ್ನನ್ನು ವಿಧಾನಸಭೆ ಸೇರಿಸಿದರೆ ಸಾಕು. ನಿಮ್ಮ ಕ್ಷೇತ್ರದ ಶಾಸಕರಿಗೆ ಪತ್ರ ಬರೆಯುವುದಾದರೆ ಅದನ್ನೇ ಬರೆಯಿರಿ.